ಕಾವಲಿನ ಕೋವಿಗೆ ಎಷ್ಟು ಎಣ್ಣೆ?

ಬ್ಯಾಂಕಿನ ಬಾಗಿಲಲ್ಲಿ, ಚಿನ್ನದಂಗಡಿಯ ಮೆಟ್ಟಿಲ ಮೇಲೆ, ಹಣ ಸಾಗಿಸುವ ಗಾಡಿಯ ಮಗ್ಗುಲಲ್ಲಿ ಜೋಡುನಳಿಗೆಯ ಕೋವಿ ಹಿಡಿದು ನಿಂತವರನ್ನು ಮುಂಬಯಿಯಲ್ಲಿ ನಾವೆಲ್ಲ ದಿನವೂ ಕಾಣುತ್ತೇವೆ. ಸೇನೆಯಲ್ಲಿ ಸೇವೆ ಮುಗಿಸಿ ಬಂದು ಈ ಕೆಲಸ ಹಿಡಿದ ನಮ್ಮ ಕಡೆಯವರೂ ಅವರಲ್ಲಿದ್ದಾರೆ. ಅದೇ ಬಾಗಿಲಿನಿಂದ ಒಳಹೊಕ್ಕು ಮೇಜಿನ ಮುಂದೆ ಕುಳಿತುಕೊಳ್ಳುವ ಗುಮಾಸ್ತರಂತೂ ನಮ್ಮಲ್ಲಿ ಬಹಳ ಮಂದಿ. ಗುಮಾಸ್ತನ ಕಣ್ಣಿಗೆ ಆ ಕೋವಿ ಬಾಗಿಲ ತೋರಣವಿದ್ದಂತೆ. ಇದೆ ಎಂಬುದಷ್ಟೇ ಗೊತ್ತು. ಹತ್ತು ವರ್ಷಗಳಲ್ಲಿ ಒಂದು ಈಡೂ ಹಾರದೆ ಅದು ನಿಂತಿರಬಹುದು, ಹಾಗೆಯೇ ನಿಂತಿರಲಿ ಎಂಬುದೇ ಎಲ್ಲರ ಹಾರೈಕೆ. ಆದರೆ ಬೇಕಾದ ಒಂದು ದಿನ ಬಂದುಬಿಟ್ಟರೆ ಅದು ಮೊದಲನೆಯ ಎಳೆತಕ್ಕೇ ಹಾರಬೇಕು. ಉಳಿದ ದಿನಗಳಲ್ಲಿ ಯಾವ ಕಾರಣಕ್ಕೂ ಹಾರಕೂಡದು. ಈ ಎರಡೂ ಬಹುಮಟ್ಟಿಗೆ ಒಂದು ತುಂಡು ಬಟ್ಟೆ ಮತ್ತು ನಾಲ್ಕಾರು ಹನಿ ಎಣ್ಣೆಯನ್ನು ಅವಲಂಬಿಸಿವೆ. ಆ ಹನಿಗಳು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಎಣ್ಣೆ ಮಾಡುವ ಕೆಲಸವೇನು ಎಂಬುದನ್ನು ನೋಡೋಣ. ಪರೇಲ್, ಲಾಲ್‌ಬಾಗ್‌ಗಳ ಬಟ್ಟೆ ಗಿರಣಿಗಳು 1982ರ ಮುಷ್ಕರದ ಅನಂತರ ಒಂದೊಂದಾಗಿ ಮುಚ್ಚಿಹೋದವು. ಅಲ್ಲಿ ದುಡಿದ ಹಿರಿಯರಿಗೆ ಕದಿರಿನ ಎಣ್ಣೆಯ ವಿಷಯ ಚೆನ್ನಾಗಿ ನೆನಪಿರಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕದಿರಿಗೆ ನೀರಿನಂಥ ತೆಳು ಎಣ್ಣೆ, ನಿಧಾನವಾಗಿ ತಿರುಗುವ ದಪ್ಪ ಅಚ್ಚಿಗೆ ಮಂದವಾದ ಎಣ್ಣೆ. ಹಾಕುವುದಕ್ಕೆ ಬೇರೆ ಆಳು, ಬೇರೆ ಹೊತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ತನ್ನ ಅಡಿಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದ ಎಣ್ಣೆಯ ಪೊರೆಯ ಮೇಲೆ ಅದು ತೇಲುತ್ತದೆ, ಕಬ್ಬಿಣಕ್ಕೆ ಕಬ್ಬಿಣ ತಾಗುವುದೇ ಇಲ್ಲ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೊಷಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚನ್ನು ಪರೀಕ್ಷಿಸುತ್ತಿದ್ದಾಗ ಮೇಲಿನ ತೂತಿಗೆ ಬಡಿದಿದ್ದ ಬಿರಡೆಯನ್ನು ಒಳಗಿನ ಎಣ್ಣೆ ತಾನಾಗಿಯೇ ನೂಕಿ ಹೊರಗೆಸೆಯಿತು. ಅಷ್ಟು ಒತ್ತಡ ಆ ತೆಳು ಪೊರೆಯಲ್ಲಿ ಹುಟ್ಟುತ್ತದೆ ಎಂದು ಗೊತ್ತಾದದ್ದು ಆಗಲೇ. ಮೂರು ವರ್ಷಗಳ ಮೇಲೆ ಆಸ್‌ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದನು.

ಕೋವಿಯ ಕಥೆ ಬೇರೆ. ಅದರಲ್ಲಿ ಯಾವುದೂ ಸುತ್ತುತ್ತಿರುವುದಿಲ್ಲ. ಟ್ರಿಗರ್ ಎಳೆದಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಎರಡು ಮೂರು ತುಂಡುಗಳು ಸರಿದಾಡಿ ಮತ್ತೆ ನಿಲ್ಲುತ್ತವೆ. ಎಣ್ಣೆಯನ್ನು ಎಳೆದುಕೊಂಡು ತೇಲುವಷ್ಟು ಓಟ ಅವಕ್ಕಿಲ್ಲ. ಲೋಹಕ್ಕೆ ಅಂಟಿಕೊಂಡು ಉಳಿದ ಎಣ್ಣೆ ಎಷ್ಟೋ ಅಷ್ಟೇ ಪ್ರಯೋಜನ. ಅಲ್ಲದೆ ನಮ್ಮ ಬಾಗಿಲ ಕಾವಲಿನ ಕೋವಿ ಸವೆದು ಹಾಳಾದದ್ದನ್ನು ಯಾರೂ ಕಂಡಿರಲಾರರು; ಕೆಲಸವೇ ಇಲ್ಲದ ಮೇಲೆ ಸವೆಯುವುದೆಲ್ಲಿಂದ? ಅದು ಕೆಡುವುದು ನಿಂತಲ್ಲಿಯೇ. ಒಂದು ಕಡೆ ತುಕ್ಕು, ಇನ್ನೊಂದು ಕಡೆ ಹಳೆಯ ಎಣ್ಣೆಯ ಮಡ್ಡಿ. ಆದುದರಿಂದ ಈ ಕೋವಿಗೆ ಎಣ್ಣೆಯೆಂದರೆ ಮುಖ್ಯವಾಗಿ ಗಾಳಿ ನೀರು ತಾಗದಂತೆ ಹೊದಿಸುವ ಹೊದಿಕೆ. ಜಾರಿಕೆಯ ಕೆಲಸ ಅನಂತರದ್ದು.

ಮುಂಬಯಿಯಂಥ ಊರಿನಲ್ಲಿ ಈ ಹೊದಿಕೆ ಎಷ್ಟು ಅಗತ್ಯವೆಂಬುದನ್ನು ಹೇಳಬೇಕು. ಗಾಳಿಯಲ್ಲಿನ ತೇವ ನೂರಕ್ಕೆ ಸುಮಾರು 60ರ ಮೇಲೆ ಏರಿತೆಂದರೆ ಉಕ್ಕಿಗೆ ತುಕ್ಕು ಬೇಗ ಹತ್ತತೊಡಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿಯ ತೇವ 80ಕ್ಕೂ ಹೆಚ್ಚು. ಅದರ ಮೇಲೆ ಕಡಲ ಗಾಳಿ ಹೊತ್ತು ತರುವ ಉಪ್ಪು. ಉಪ್ಪಿನ ಕಣ ಲೋಹದ ಮೇಲೆ ಕೂತು ಗಾಳಿಯ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಅಡಿಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ನೀರೊಡೆಯುವುದಿಲ್ಲವೇ, ಹಾಗೆ. ಕೊಲಾಬಾ, ವರಳಿ, ಮಾಹೀಮುಗಳಲ್ಲಿ ಕಿಟಕಿಯ ಸರಳುಗಳು ಎಷ್ಟು ಬೇಗ ಹೊಪ್ಪಳೆ ಏಳುತ್ತವೆಂಬುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇದಕ್ಕಿಂತ ಹೆಚ್ಚಿನ ಅಪಾಯವೊಂದು ಈಚಿನ ದಿನಗಳಲ್ಲಿ ಬಂದು ಸೇರಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕಿನ ಒಳಗೆ, ಹಣ ಕೊಡುವ ಯಂತ್ರದ ಗೂಡಿನಲ್ಲಿ, ಈಗ ತಂಪು ಮಾಡುವ ಯಂತ್ರವಿದೆ. ಒಳಗೆ ಎರಡು ಗಂಟೆ ನಿಂತ ಕೋವಿಯ ಉಕ್ಕು 22 ಅಥವಾ 23 ಡಿಗ್ರಿಗೆ ತಣಿದಿರುತ್ತದೆ. ಕಾವಲುಗಾರ ಹಣದ ಗಾಡಿ ಬಂತೆಂದು ಹೊರಗೆ ಬರುತ್ತಾನೆ. ಜುಲೈ ತಿಂಗಳ ಹೊರಗಾಳಿ 29, 30 ಡಿಗ್ರಿಯದು, ನೀರು ತುಂಬಿದ್ದು. ತಣ್ಣೀರು ತುಂಬಿದ ಸ್ಟೀಲಿನ ಲೋಟ ಮೇಜಿನ ಮೇಲಿಟ್ಟರೆ ಹೊರಮೈ ಬೆವರುವಂತೆ ಆ ಕೋವಿಯೂ ಬೆವರುತ್ತದೆ. ಹೊರಗೆ ಮಾತ್ರವಲ್ಲ, ನಳಿಗೆಯ ಒಳಗೂ, ಕಣ್ಣಿಗೆ ಕಾಣದ ಸ್ಪ್ರಿಂಗುಗಳ ಮೇಲೂ. ಹೊರಮೈಯನ್ನು ಅವನು ಕರವಸ್ತ್ರದಿಂದ ಒರೆಸಿಯಾನು. ಒಳಗಿನದು ಒಳಗೇ ಉಳಿಯಿತು. ದಿನಕ್ಕೆ ನಾಲ್ಕು ಸಲ ಹೀಗಾದರೆ ತಿಂಗಳೊಪ್ಪತ್ತಿನಲ್ಲಿ ನಳಿಗೆಯೊಳಗೆ ಕೆಂಪು ಚುಕ್ಕೆ ಬೀಳುವುದರಲ್ಲಿ ಆಶ್ಚರ್ಯವೇನು? ನಮ್ಮ ಅಭಿಪ್ರಾಯದಲ್ಲಿ ಮುಂಬಯಿಯ ಕಾವಲು ಕೋವಿಗೆ ಕಡಲಿನಷ್ಟೇ ಶತ್ರು ಈ ತಂಪು ಗಾಳಿ. ಸಾಧ್ಯವಿದ್ದಲ್ಲಿ ಕೋವಿಯನ್ನು ಪದೇ ಪದೇ ಒಳಗೂ ಹೊರಗೂ ಒಯ್ಯದೆ ಒಂದೇ ಕಡೆ ಇರಿಸಿಕೊಳ್ಳುವುದು ಲೇಸು.

ಕೊಡಗಿನ ಕಡೆಯ ಓದುಗರು ಇಲ್ಲಿ ನಕ್ಕಾರು. ಮುಂಬಯಿಗೂ ಮೀರಿದ ಮಳೆಯಲ್ಲಿ ಅವರ ಮನೆಗಳಲ್ಲಿ ಕೋವಿಗಳು ತಲೆಮಾರುಗಳ ಕಾಲ ಬಾಳಿವೆ. ಅದಕ್ಕೆ ಅವರ ಪದ್ಧತಿಯೇ ಕಾರಣವೆಂದು ನಾವು ತಿಳಿಯುತ್ತೇವೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗದ್ದೆಯ ಕೆಲಸವೇ ಕೆಲಸ. ಬೇಟೆಯಿಲ್ಲ, ಆಯುಧಗಳಿಗೆ ವಿಶ್ರಾಂತಿ. ಅವುಗಳನ್ನು ಮನೆಯ ಕನ್ನಿಕೋಂಬರೆಯಲ್ಲಿ ಇಡುತ್ತಿದ್ದರು. ನಾಟಿ ಮುಗಿದ ಮೇಲೆ, ಈಗ ಸೆಪ್ಟೆಂಬರ್ 3ರಂದು ಆಚರಿಸುವ ಕೈಲ್‌ಪೊಳ್ದಿನ ದಿನ (ಕೈಲ್ ಮುಹೂರ್ತವೆಂದು ಕನ್ನಡದಲ್ಲಿ ಹೇಳುವುದುಂಟು) ಕೋವಿ, ಕತ್ತಿಗಳನ್ನೆಲ್ಲ ಹೊರತೆಗೆದು ಶುಚಿಮಾಡಿ, ಸಾಲಾಗಿ ಇಟ್ಟು, ತೋಕ್ ಪೂವೆಂಬ ಕೆಂಪು ಹಳದಿಯ ಹೂ ಮುಡಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಹೂವಿಗೂ ಕೋವಿಯದೇ ಹೆಸರು. ಅನಂತರ ಬಯಲಿನಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಪೂಜೆಯ ಭಾವ ಅವರವರದು. ಯಂತ್ರದ ದೃಷ್ಟಿಯಿಂದ ನೋಡಿದರೆ ಇದು ಮಳೆ ತಗ್ಗುವ ಹೊತ್ತಿಗೆ ವರ್ಷಕ್ಕೊಮ್ಮೆ ಕೋವಿಯನ್ನು ತೆರೆದು, ಒರೆಸಿ, ಎಣ್ಣೆ ಹಚ್ಚಿ, ಹಾರಿಸಿ ಪರೀಕ್ಷಿಸುವ ಏರ್ಪಾಡು. ಬೇರೆ ಯಾವ ಯಂತ್ರಕ್ಕೂ ಇಷ್ಟು ಅಚ್ಚುಕಟ್ಟಾದ ದಿನವನ್ನು ನಮ್ಮ ಹಿರಿಯರು ಗೊತ್ತುಮಾಡಿದಂತೆ ಕಾಣೆವು. ಇಲ್ಲಿನ ಬಾಗಿಲ ಕಾವಲಿನ ಕೋವಿಗೂ ಆಯುಧಪೂಜೆಯ ದಿನ ಕುಂಕುಮ ಬೀಳುತ್ತದೆ. ತೆರೆದು ಒಳಗೆ ನೋಡುವವರು ಕಡಿಮೆ.

ಇನ್ನು ಎಣ್ಣೆ ಹೆಚ್ಚಾದರೆ ಏನು ಕೆಡುಕು ಎಂಬ ಮಾತು. ನಾವು ಕಂಡ ಮಟ್ಟಿಗೆ ಕಡಿಮೆ ಎಣ್ಣೆಯಿಂದ ಕೆಟ್ಟ ಕೋವಿಗಳಷ್ಟೇ ಹೆಚ್ಚು ಎಣ್ಣೆಯಿಂದ ಕೆಟ್ಟವೂ ಇವೆ.

ಟ್ರಿಗರ್ ಎಳೆದಾಗ ನಡೆಯುವುದಿಷ್ಟು: ಬಿಗಿದಿದ್ದ ಸ್ಪ್ರಿಂಗ್ ಬಿಚ್ಚಿ ಕುದುರೆಯನ್ನು ಮುಂದಕ್ಕೆ ಬಡಿಯುತ್ತದೆ, ಕುದುರೆ ಒಂದು ಪಿನ್ನನ್ನು ಬಡಿಯುತ್ತದೆ, ಪಿನ್ನು ತೋಟಾದ ಬುಡದಲ್ಲಿರುವ ಕೇಪನ್ನು ಜಜ್ಜುತ್ತದೆ, ಕೇಪಿನ ಕಿಡಿ ಮದ್ದಿಗೆ ಹತ್ತುತ್ತದೆ. ಈ ಹೊಡೆತಕ್ಕೆ ವೇಗ ಮುಖ್ಯ. ವೇಗ ಅರ್ಧವಾದರೆ ಹೊಡೆತದ ಶಕ್ತಿ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಒಳಗೆ ಸುರಿದ ಎಣ್ಣೆ ವರ್ಷಗಟ್ಟಲೆ ನಿಂತು, ಧೂಳು ಕುಡಿದು, ಗಾಳಿಯೊಡನೆ ಬೆರೆತು ಮಡ್ಡಿಗಟ್ಟಿದಾಗ ಕುದುರೆಯೂ ಪಿನ್ನೂ ಅಂಟಿನಲ್ಲಿ ಸಿಕ್ಕ ನೊಣದಂತೆ ಸರಿಯುತ್ತವೆ. ಕೇಪಿನ ಮೇಲೆ ಸಣ್ಣ ಗುಳಿ ಬೀಳುತ್ತದೆ, ಈಡು ಹಾರುವುದಿಲ್ಲ. ಹೊರಗಿನಿಂದ ನೋಡಿದರೆ ಕೋವಿ ಮಿರಮಿರನೆ ಹೊಳೆಯುತ್ತಿರುತ್ತದೆ! ಇದಕ್ಕಿಂತ ಭಯಂಕರವಾದದ್ದು ಇನ್ನೊಂದು. ಕುದುರೆಯನ್ನು ತಡೆದಿಡುವ ಕೊಕ್ಕೆ ಅದೇ ಮಡ್ಡಿಯಿಂದಾಗಿ ತನ್ನ ಗುಳಿಯಲ್ಲಿ ಪೂರ್ತಿ ಕೂರದೆ ಅರ್ಧ ಕೂತರೆ, ಕೋವಿ ನೆಲಕ್ಕೆ ತಗಲಿದ ಸಣ್ಣ ಪೆಟ್ಟಿಗೂ ಅದು ಜಾರಬಹುದು. ಗುಮಾಸ್ತರು, ಗಿರಾಕಿಗಳು ತುಂಬಿದ ಬ್ಯಾಂಕಿನಲ್ಲಿ ಅದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಣ್ಣೆ ತೋಟಾಕ್ಕೆ ತಗಲಕೂಡದು. ಕೇಪಿನ ಸುತ್ತಲಿನ ಕೂದಲೆಳೆಯ ಸಂದಿನಿಂದ ತೆಳು ಎಣ್ಣೆ ಒಳಗಿಳಿದರೆ ಅದರೊಳಗಿನ ಸಿಡಿಮದ್ದು ಸಾಯುತ್ತದೆ. ತೋಟಾ ಕೂರುವ ಮನೆಯಲ್ಲಿ ಎಣ್ಣೆ ನಿಂತಿದ್ದರೂ ಕೆಡುಕೇ. ಈಡು ಹಾರುವ ಕ್ಷಣದಲ್ಲಿ ತೋಟಾ ಉಬ್ಬಿ ಗೋಡೆಯನ್ನು ಹಿಡಿದುಕೊಳ್ಳಬೇಕು. ಗೋಡೆ ಜಿಡ್ಡಾಗಿದ್ದರೆ ಹಿಡಿತ ತಪ್ಪಿ ಹಿಂದಿನ ಬಾಗಿಲಿನ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ನಳಿಗೆಯೊಳಗೆ ಗ್ರೀಸು ಮೆತ್ತಿಟ್ಟು ಒರೆಸಲು ಮರೆತರಂತೂ ಅದು ಗುಂಡಿನ ದಾರಿಗೆ ಅಡ್ಡಗೋಡೆ. ನಳಿಗೆ ಉಬ್ಬಬಹುದು, ಸೀಳಲೂಬಹುದು. ಕೊನೆಯದಾಗಿ ಮರ. ಕೋವಿಯನ್ನು ಬಾಯಿ ಮೇಲೆ ಮಾಡಿ ಗೋಡೆಗೆ ಒರಗಿಸುವುದು ಎಲ್ಲರ ರೂಢಿ. ಹೆಚ್ಚಿನ ಎಣ್ಣೆ ನಿಧಾನವಾಗಿ ಕೆಳಗಿಳಿದು ಹಿಡಿಯ ಮರಕ್ಕೆ ಇಂಗುತ್ತದೆ. ಮರ ಕಪ್ಪಾಗಿ, ಮೆತ್ತಗಾಗಿ, ಕಬ್ಬಿಣ ಸೇರುವ ಜಾಗದಲ್ಲಿ ಸೀಳು ಬಿಡುತ್ತದೆ. ಎಣ್ಣೆ ಹಚ್ಚಿದ ರಾತ್ರಿಯಾದರೂ ಬರಿದಾದ ಕೋವಿಯನ್ನು ಬಾಯಿ ಕೆಳಗಾಗಿ, ಹಳೆಯ ಬಟ್ಟೆಯ ಮೇಲೆ ನಿಲ್ಲಿಸಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಯಾವ ಎಣ್ಣೆ? ಕೋಲಿಯಲ್ಲಿ ಕೈಗೆ ಮೊದಲು ಸಿಕ್ಕುವುದು ತೆಂಗಿನೆಣ್ಣೆ. ಅದು ಬೇಡ. ಕಾಯಿಯಿಂದ, ಬೀಜದಿಂದ ತೆಗೆದ ಎಣ್ಣೆಗಳೆಲ್ಲ ಕಾಲ ಕಳೆದಂತೆ ಗಾಳಿಗೆ ಕೆಟ್ಟು ಕಮಟುತ್ತವೆ, ಹುಳಿಗೂಡಿ ಲೋಹವನ್ನೇ ತಿನ್ನತೊಡಗುತ್ತವೆ. ತೆಂಗಿನೆಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮೇಲೆ ಹೇಳಿದ ತಂಪುಕೋಣೆಯಲ್ಲಿ ಅದರ ಗತಿ ಏನೆಂದು ಊಹಿಸಬಹುದು. ಹರಳೆಣ್ಣೆ ಒಳ್ಳೆಯ ಜಾರಿಕೆಯದೇ, ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳು ಅದರಲ್ಲಿಯೇ ಓಡಿದವು. ಆದರೆ ನಿಂತಲ್ಲಿ ಅಂಟಾಗುತ್ತದೆ. ಎತ್ತಿನ ಗಾಡಿಯ ಕೀಲೆಣ್ಣೆ ಗಾಡಿಗೇ ಇರಲಿ. ಸೀಮೆಎಣ್ಣೆ ಹಳೆಯ ಮಡ್ಡಿ ತೊಳೆಯುವುದಕ್ಕೆ ಉತ್ತಮ, ಉಳಿಸಿಕೊಳ್ಳುವುದಕ್ಕಲ್ಲ. ಆರಿ ಹೋದ ಮೇಲೆ ಲೋಹವನ್ನು ಬೆತ್ತಲೆ ಬಿಟ್ಟುಹೋಗುತ್ತದೆ. ಪೆಟ್ರೋಲು ಚಾಳಿನೊಳಗೆ ತರುವ ವಸ್ತುವೇ ಅಲ್ಲ. ಡಬ್ಬಿಯಿಂದ ಹೊಗೆಯಂತೆ ಚಿಮ್ಮುವ ಡಬ್ಲ್ಯುಡಿ-40 ಈಗ ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಅದರ ಹೆಸರಿನ ಅರ್ಥವೇ ನೀರನ್ನು ದೂಡುವುದು, ನಲವತ್ತನೆಯ ಯತ್ನ ಎಂದು. ನೆನೆದ ಕೋವಿಯ ನೀರು ದೂಡುವುದಕ್ಕೆ ಅದು ಯೋಗ್ಯ. ಆಮೇಲೆ ಅದನ್ನು ಒರೆಸಿ ಬೇರೆ ಎಣ್ಣೆ ಹಚ್ಚಬೇಕು. ಅದೊಂದನ್ನೇ ನಂಬಿ ಮಳೆಗಾಲ ಕಳೆಯುತ್ತೇವೆನ್ನುವುದು ಸರಿಯಲ್ಲ. ಕೋವಿಗೆಂದೇ ಮಾರುವ ಖನಿಜ ಎಣ್ಣೆ ಉತ್ತಮ. ಅದು ಇಲ್ಲದಾಗ ಹೊಲಿಗೆ ಯಂತ್ರದ ತಿಳಿ ಎಣ್ಣೆಯೂ ನಡೆಯುತ್ತದೆ. ತೆಳುವಾದುದರಿಂದ ಬೇಗ ಇಳಿದುಹೋಗುತ್ತದೆ, ಹೆಚ್ಚು ಸಲ ಹಚ್ಚಬೇಕು, ಅಷ್ಟೇ. ಮೋಟಾರಿನ ಹೊಸ ಎಂಜಿನ್ ಎಣ್ಣೆಯಿಂದ ಹಾನಿಯಿಲ್ಲ. ಗ್ಯಾರೇಜಿನಲ್ಲಿ ಬಸಿದ ಕಪ್ಪೆಣ್ಣೆಯನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಹುಳಿಯೂ ಮಸಿಯೂ ತುಂಬಿರುತ್ತವೆ.

ಬಂದೂಕಿನ ಜಿಡ್ಡು ಯಾವುದೆಂಬ ಈ ಪ್ರಶ್ನೆಯೇ ಒಮ್ಮೆ ದೇಶವನ್ನು ಅಲುಗಿಸಿದ್ದುಂಟು. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿಗೆ ಮದ್ದು ಗುಂಡುಗಳನ್ನು ಬಾಯಿಯಿಂದಲೇ ತುಂಬಬೇಕಿತ್ತು. ಸುರುಳಿ ಗೀರು ಕೊರೆದ ಬಿಗಿಯಾದ ನಳಿಗೆಯಲ್ಲಿ ಗುಂಡು ಸಲೀಸಾಗಿ ಇಳಿಯಲೆಂದೂ ಹೊಗೆಮದ್ದಿನ ಕರಿ ಮೆದುವಾಗಲೆಂದೂ ಕಾಗದದ ತೋಟಾಕ್ಕೆ ಕೊಬ್ಬು ಸವರುತ್ತಿದ್ದರು. ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಅದು ದನದ, ಹಂದಿಯ ಕೊಬ್ಬೆಂಬ ಸುದ್ದಿ 1857ರ ಜನವರಿಯಲ್ಲಿ ಡಂಡಂ ಎಂಬಲ್ಲಿ ಹಬ್ಬಿತು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ತಂದು ಸವರಿಕೊಳ್ಳಬಹುದೆಂದು ಅದೇ ತಿಂಗಳಲ್ಲಿ ಅಪ್ಪಣೆಯಾಯಿತಾದರೂ ಹೊತ್ತು ಮೀರಿತ್ತು. ಮೀರತ್ತಿನಲ್ಲಿ ತೋಟಾ ಮುಟ್ಟಲೊಪ್ಪದ 85 ಮಂದಿ ಸವಾರರಿಗೆ ಮೇ 9ರಂದು ಬೇಡಿ ತೊಡಿಸಿದರು, ಮರುದಿನ ದಂಗೆ. ಅದರ ಬಿಸಿ ನಮ್ಮ ನಾಡಿಗೂ ತಾಗಿತು. ಆಯುಧಗಳನ್ನೆಲ್ಲ ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ, 1857ರ ನವೆಂಬರಿನಲ್ಲಿ ಇಂಗ್ಲಿಷರ ದಂಡಿಗೆ ಎದುರು ನಿಂತರು. ಬಿಜಾಪುರ, ಬಾಗಲಕೋಟೆಯ ಕಡೆಯಿಂದ ಬಂದ ನಮ್ಮ ಬಂಧುಗಳಿಗೆ ಆ ಲಾವಣಿಯ ಪರಿಚಯವಿದ್ದೇ ಇರುತ್ತದೆ. ಕೊಡಗಿನವರಿಗೆ ಮಾತ್ರ 1861ರಲ್ಲಿ ಆ ಕಾನೂನಿನಿಂದ ವಿನಾಯಿತಿ ದೊರೆಯಿತು. ಕೆಲವು ಷರತ್ತುಗಳೊಡನೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

ಉಳಿದ ನಮಗೆಲ್ಲ 1959ರ ಆಯುಧ ಕಾಯಿದೆಯೇ ಪ್ರಮಾಣ; ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಮಾತು ಎರಡು. ಒರೆಸಿ ಎಣ್ಣೆ ಹಚ್ಚುವುದು ಕೋವಿ ಹಿಡಿಯಲು ಅಧಿಕಾರವಿದ್ದವನ ಕೆಲಸ. ಬಿಚ್ಚಿ ರಿಪೇರಿ ಮಾಡಿಕೊಡುವ ಕಸುಬನ್ನು ಪರವಾನಗಿ ಪಡೆದ ಕೋವಿ ಅಂಗಡಿಯವರೇ ಮಾಡಬೇಕು. ಕುರ್ಲಾದಲ್ಲಿಯೋ ಠಾಣೆಯಲ್ಲಿಯೋ ಇರುವ ನಿಪುಣ ಲೇತ್ ಕೆಲಸಗಾರ ಎಷ್ಟೇ ಸ್ನೇಹಿತನಾಗಿರಲಿ, ಅವನ ಕೈಗೆ ಕೊಡುವುದು ಅಪರಾಧ. ಎರಡನೆಯದು ಗುಮಾಸ್ತರು ತಿಳಿದಿರಬೇಕಾದದ್ದು. ಕೋವಿಯನ್ನು ರಿಪೇರಿಗೆ ಮುಟ್ಟಿಸಿ ಬಾ ಎಂದು ಮೇಲಿನವರು ಹೇಳಿದರೆ ಬರಿಗೈಯಲ್ಲಿ ಹೊರಡಬೇಡಿ. ಪರವಾನಗಿದಾರನು ಜೊತೆಗಿರಬೇಕು, ಇಲ್ಲವೇ ಅವನ ಲಿಖಿತ ಅನುಮತಿ ನಿಮ್ಮ ಜೇಬಿನಲ್ಲಿರಬೇಕು. ಬಾಯಿಮಾತನ್ನು ನಂಬಿ ಲೋಕಲ್ ಗಾಡಿ ಹತ್ತಿದವನನ್ನು ಪೊಲೀಸರು ಹಿಡಿದರೆ ಮೇಲಿನವರು ಬಿಡಿಸಲು ಬರುವರೆಂಬ ಭರವಸೆಯೇನು?

ಈಗ ಕೆಲಸದ ಕ್ರಮ. ಎಲ್ಲಕ್ಕೂ ಮೊದಲು ಕೋವಿಯನ್ನು ಮಡಿಸಿ ಎರಡೂ ಮನೆಗಳು ಬರಿದಾಗಿವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ತಿಳಿಯಬೇಕು. ತೋಟಾಗಳನ್ನು ಎಣಿಸಿ ಬೇರೆ ಕಡೆ ಇಡಬೇಕು, ಅದೇ ಮೇಜಿನ ಮೇಲಲ್ಲ. ನೋಡಲು ಬಂದ ಜನರಿಲ್ಲದ ಜಾಗವೇ ಆಗಬೇಕು. ಒರೆಸುವಾಗ ಆದ ಸಾವುಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಬರಿದೆಂದು ನಂಬಿದ ಕೋವಿಯಿಂದಲೇ ಅವು ಆಗುವುದು.

ಎಡಗೈ ಹಿಡಿಯುವ ಮುಂದಿನ ಮರವನ್ನು ಕಳಚಿದರೆ ನಳಿಗೆಗಳು ಹಿಡಿಯಿಂದ ಬೇರೆಯಾಗುತ್ತವೆ. ಇದಕ್ಕಿಂತ ಮುಂದೆ, ಸ್ಕ್ರೂ ಬಿಚ್ಚುವವರೆಗೆ, ಹೋಗಬೇಡಿ. ನಳಿಗೆಯ ಒಳಗನ್ನು ತೋಟಾ ಕೂರುವ ಕಡೆಯಿಂದ ಬಾಯಿಯ ಕಡೆಗೆ ಒರೆಸಬೇಕು. ಮೊದಲು ಒಣ ಬಟ್ಟೆ, ಬೇಕಾದರೆ ಸೀಮೆಎಣ್ಣೆಯಲ್ಲಿ ಅದ್ದಿದ್ದು, ಮತ್ತೆ ಒಣ ಬಟ್ಟೆ, ಕೊನೆಗೆ ಎಣ್ಣೆ ಸೋಕಿಸಿದ ಬಟ್ಟೆ. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಹೊಳಪಿರಬೇಕು, ಹನಿ ಇರಬಾರದು. ಎರಡು ನಳಿಗೆಗಳ ಅಡಿಯ ಗಂಟು, ಅದು ಕೂರುವ ತಿರುಗಣಿ, ಇವು ಒಂದರ ಮೇಲೊಂದು ಭಾರ ಬಿಟ್ಟು ಉಜ್ಜುವ ಜಾಗಗಳು. ಅಲ್ಲಿಗೆ ಎಣ್ಣೆ ಸಾಲದು, ಅಕ್ಕಿಕಾಳಿನಷ್ಟು ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಬೇಕು. ತೋಟಾವನ್ನು ಮೇಲೆತ್ತುವ ತುಂಡಿನ ಕಾಲಿಗೆ ಒಂದು ಹನಿ. ಮೇಲಿನ ಸನ್ನೆಯ ಬುಡಕ್ಕೆ ಒಂದು ಹನಿ. ಪಿನ್ನಿನ ತೂತಿಗೆ ಹನಿ ಬಿಡಬೇಡಿ. ಎಣ್ಣೆ ಸೋಕಿದ ಬಟ್ಟೆಯ ತುದಿ ತಾಗಿದರೆ ಸಾಕು. ಹೊರಮೈಗೆಲ್ಲ ಅದೇ ಬಟ್ಟೆಯ ಒಂದು ಒರೆಸು. ಆದ ಮೇಲೆ ಬೆರಳು ತಾಗಿಸಬಾರದು, ಬೆವರಿನಲ್ಲಿಯೂ ಉಪ್ಪೇ ಇರುವುದು. ಕೆಲವರ ಬೆರಳ ಗುರುತು ಎರಡೇ ದಿನಗಳಲ್ಲಿ ತುಕ್ಕಾಗಿ ಮೂಡುತ್ತದೆ. ಪಾಳಿ ಬದಲಾಗುವಾಗ ಕೋವಿ ಕೈಯಿಂದ ಕೈಗೆ ಹೋಗುವುದರಿಂದ ದಿನಕ್ಕೊಂದು ಬಾರಿ ಹೊರಮೈ ಒರೆಸುವುದನ್ನು ಹಾಜರಿ ಪುಸ್ತಕದ ಸಹಿಯಷ್ಟೇ ಕಡ್ಡಾಯ ಮಾಡಿಕೊಂಡರೆ ಒಳ್ಳೆಯದು. ಒಳಗನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಲುವುದೆಂದು ನಮ್ಮ ಎಣಿಕೆ. ಮತ್ತೆ ತೋಟಾ ತುಂಬುವ ಮುನ್ನ ನಳಿಗೆಯೊಳಗೆ ಒಣ ಬಟ್ಟೆ ಒಮ್ಮೆ ಹಾಯಲೇಬೇಕು.

ತೋಟಾಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡೋಣ. ಪುಣೆಯ ಹತ್ತಿರ ಖಡ್ಕಿಯಲ್ಲಿ 1869ರಿಂದ ಇರುವ ಮದ್ದುಗುಂಡಿನ ಕಾರ್ಖಾನೆಯ ಶಕ್ತಿಮಾನ್ ತೋಟಾಗಳೇ ನಮ್ಮಲ್ಲಿ ಹೆಚ್ಚು ಬಳಕೆಯವು. ಹಿಂದಿನ ಕಾಗದದ ತೋಟಾ ಮಳೆಗಾಲದಲ್ಲಿ ಉಬ್ಬಿ ಮನೆಯೊಳಗೆ ಹೋಗುತ್ತಲೇ ಇರಲಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ ಆ ಕಷ್ಟ ತಪ್ಪಿದೆ, ಆದರೆ ಬುಡದ ಲೋಹಕ್ಕೆ ಕಿಲುಬು ಬರುವುದು ತಪ್ಪಿಲ್ಲ. ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ವರ್ಷಗಟ್ಟಲೆ ಕೂತ ತೋಟಾ ಹಸಿರು ಕಟ್ಟುತ್ತದೆ. ಹಾಗಾದುದನ್ನು ಎಣ್ಣೆಯಿಂದ ತಿಕ್ಕಿ ಹೊಳಪು ಮಾಡದೆ, ಮೇಲಿನವರಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು.

ಸೇನೆಯಿಂದ, ಪೊಲೀಸಿನಿಂದ ಬಂದ ಹಿರಿಯರು ‘ಈಡು ಹಾರಿಸಿದ ಮೇಲೆ ಕುದಿನೀರು ಹೊಯ್ಯಬೇಕು’ ಎನ್ನುವುದುಂಟು. ಕೇಳಿದವರಿಗೆ ಇದೇನು ವಿಚಿತ್ರವೆನಿಸುತ್ತದೆ, ಅದರಲ್ಲಿ ಹುರುಳಿದೆ. ಹಳೆಯ .303 ರೈಫಲ್ಲಿನ ಹಿಡಿಯ ಬುಡದಲ್ಲಿ ಒಂದು ಮುಚ್ಚಳವಿದ್ದು, ಅದರೊಳಗೆ ಪುಟ್ಟ ಹಿತ್ತಾಳೆ ಎಣ್ಣೆಬುಡ್ಡಿಯೂ ನಳಿಗೆಯೊಳಗೆ ಬಟ್ಟೆ ಎಳೆಯುವ ಹಗ್ಗವೂ ಇರುತ್ತಿದ್ದವು. ಅಂದಿನ ತೋಟಾಗಳ ಕೇಪು ಉರಿದಾಗ ಅಡಿಗೆ ಉಪ್ಪಿನ ದಾಯಾದಿಯಾದ ಒಂದು ಉಪ್ಪು ನಳಿಗೆಯಲ್ಲಿ ಉಳಿಯುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬರಿಯ ಎಣ್ಣೆ ಹಚ್ಚಿದವನ ನಳಿಗೆ ಎಣ್ಣೆಯ ಅಡಿಯಲ್ಲಿಯೇ ತುಕ್ಕು ಹಿಡಿಯುತ್ತಿತ್ತು. ಆದುದರಿಂದ ಕುದಿನೀರು ಹೊಯ್ದು, ಕಾದ ನಳಿಗೆ ತಾನೇ ಆರಿದ ಮೇಲೆ ಎಣ್ಣೆ. 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಕೆಲವು ಪೊಲೀಸರ ಕೈಯಲ್ಲಿದ್ದದ್ದು ಇದೇ .303. ಊರಿನಲ್ಲಿ ಕೇಪಿನ ಕೋವಿ ಇರುವವರಿಗೂ ಈ ಮಾತು ಇಂದಿಗೂ ಸಲ್ಲುತ್ತದೆ. ಕರಿಮದ್ದಿನ ಮಸಿ ನೀರು ಕುಡಿಯುವ ಜಾತಿಯದು, ಸಾಬೂನಿನ ಬಿಸಿನೀರಲ್ಲದೆ ಬೇರೆಯದಕ್ಕೆ ಬಗ್ಗುವುದಿಲ್ಲ.

ನೆರೆ ಬಂದರೆ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದದ್ದನ್ನು ಇಲ್ಲಿದ್ದವರು ಮರೆತಿಲ್ಲ. ನೆಲಮಹಡಿಗೆ ನೀರು ನುಗ್ಗಿ ಕೋವಿ ಮುಳುಗಿದರೆ, ಅದನ್ನು ಬರಿದು ಮಾಡಿ, ಮೊದಲು ಶುದ್ಧ ನಲ್ಲಿನೀರಿನಿಂದಲೇ ತೊಳೆಯಬೇಕು. ಗಟಾರದ, ಖಾರಿಯ ಉಪ್ಪುನೀರು ಒಳಗೆ ಒಣಗುವುದು ಎಲ್ಲಕ್ಕಿಂತ ಕೆಟ್ಟದ್ದು. ತೊಳೆದು, ಬಿಸಿಲಿನಲ್ಲಿಯೋ ಫ್ಯಾನಿನ ಕೆಳಗೋ ಆರಿಸಿ, ಎಣ್ಣೆ ಹಚ್ಚಿ, ತಡಮಾಡದೆ ಪರವಾನಗಿ ಇರುವ ಅಂಗಡಿಗೆ ಒಯ್ದು ಒಳಭಾಗ ಬಿಚ್ಚಿಸಬೇಕು. ನೆನೆದ ತೋಟಾಗಳನ್ನು ಮತ್ತೆ ಬಳಸಲೇಬಾರದು.

ಚುನಾವಣೆಯ ಕಾಲದಲ್ಲಿ ಪರವಾನಗಿಯ ಕೋವಿಗಳನ್ನು ಪೊಲೀಸು ಠಾಣೆಯಲ್ಲಿ ಒಪ್ಪಿಸಬೇಕೆಂದು ಆಜ್ಞೆ ಬರುವುದುಂಟು. ಒಂದೆರಡು ತಿಂಗಳು ಅದು ಅಲ್ಲಿ ಬೇರೆ ಕೋವಿಗಳ ರಾಶಿಯಲ್ಲಿ ನಿಂತಿರುತ್ತದೆ, ಒರೆಸುವವರಿಲ್ಲ. ಒಪ್ಪಿಸುವ ಮುನ್ನ ಎಂದಿಗಿಂತ ತುಸು ದಪ್ಪನಾದ ಎಣ್ಣೆಯನ್ನು ಒಳಗೂ ಹೊರಗೂ ಸವರಿ, ಬಟ್ಟೆಯ ಚೀಲದಲ್ಲಿ ಬಿಗಿಯದೆ, ಒಪ್ಪಿಸಿದ ಸ್ಥಿತಿಯನ್ನು ರಸೀದಿಯಲ್ಲಿ ಬರೆಯಿಸಿಕೊಂಡು ಬನ್ನಿ. ಕ್ಯಾನ್ವಾಸಿನ, ಚರ್ಮದ ಚೀಲ ಪ್ರಯಾಣಕ್ಕೆ ಮಾತ್ರ. ತೇವ ಹೀರಿ ಕೋವಿಯ ಮೈಗೇ ಹಿಡಿದಿಡುವ ಗುಣ ಅದಕ್ಕಿದೆ. ಹಿಂದಕ್ಕೆ ತಂದ ದಿನವೇ ಆ ದಪ್ಪ ಎಣ್ಣೆಯನ್ನೆಲ್ಲ ತೆಗೆದು ಒಣಗಿಸಿ ಹೊಸದಾಗಿ ಹಚ್ಚಬೇಕು. ಅದನ್ನು ಮರೆತು ಹಾಗೆಯೇ ತೋಟಾ ತುಂಬಿ ಬಾಗಿಲಿಗೆ ಹೋಗುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಹಿಡಿಯ ಮರಕ್ಕೆ ಖನಿಜ ಎಣ್ಣೆ ಬೇಡ, ಅಗಸೆ ಎಣ್ಣೆ ಬೇಕು. ಉತ್ತರ ಕರ್ನಾಟಕದವರಿಗೆ ಅಗಸಿ ಹೊಸದಲ್ಲ. ವರ್ಷಕ್ಕೆ ಒಂದೆರಡು ಸಲ, ಅಂಗೈಯಲ್ಲಿ ನಾಲ್ಕು ಹನಿ ಹಾಕಿ ಮರವನ್ನು ಬಿಸಿಯೇರುವಂತೆ ಉಜ್ಜಿದರೆ ಅದು ಒಣಗಿ ಗಟ್ಟಿ ಪೊರೆಯಾಗುತ್ತದೆ, ಮಳೆಯ ತೇವ ಮರಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಕಬ್ಬಿಣಕ್ಕೆ ಶತ್ರುವಾದ ಆ ಒಣಗುವ ಗುಣವೇ ಮರಕ್ಕೆ ಮಿತ್ರ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಕೂಡದು. ಒಣಗುವಾಗ ಆ ಎಣ್ಣೆಯಲ್ಲಿ ಕಾವು ಹುಟ್ಟುತ್ತದೆ. ಮುದ್ದೆಯೊಳಗೆ ಕಾವು ಹೊರಹೋಗಲಾರದೆ ಏರುತ್ತಾ ಹೋಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹತ್ತು ಮಂದಿ ಒಂದೇ ಕೋಲಿಯಲ್ಲಿ ಮಲಗುವ ನಮ್ಮ ಚಾಳುಗಳಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ಬಿಡಿಸಿ ಹೊರಗೆ ಹಗ್ಗದ ಮೇಲೆ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಎಸೆಯಬೇಕು. ಹರವಲು ಜಾಗವಿಲ್ಲದವರು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಬಾಲ್ಕನಿಯ ಹೊರಗಡೆ ಇಟ್ಟು ಮಲಗಬೇಕು.